ಕೊರೋನಾ ನಮ್ಮ ಹಳೇ ಫೋನ್ ವ್ಯಾಪಾರವನ್ನು ಹೇಗೆ ಬದಲಿಸಿತು? ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹಳೇ ಮೊಬೈಲ್, ಲ್ಯಾಪ್‌ಟಾಪ್ ತಗೊಂಡು, ಬಿಚ್ಚಿ ಸರಿಮಾಡಿ, ಮತ್ತೆ ಮಾರುವುದು ನನ್ನ ಕೆಲಸ. 2020ಕ್ಕಿಂತ ಮೊದಲೂ ಇದೇ ಕೆಲಸ, ಈಗಲೂ ಇದೇ. ಆದರೆ ಮಾಡುವ ರೀತಿ ಪೂರ್ತಿ ಬದಲಾಗಿದೆ. ಫೋನ್ ಕೊಳ್ಳಲು ಬರುವವರು, ಈ ವ್ಯಾಪಾರಕ್ಕೆ ಇಳಿಯಬೇಕು ಅಂತ ಇರುವ ಹುಡುಗರು, ಎಲ್ಲರೂ ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅಂಗಡಿಯ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟು ಕಳಿಸುವುದು ನನಗೆ ಇಷ್ಟವಿಲ್ಲ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ರಿಫರ್ಬಿಷ್ಡ್ ಅಂದ್ರೆ ಸೆಕೆಂಡ್ ಹ್ಯಾಂಡ್ ತಾನೇ? ಹೆಸರು ಮಾತ್ರ ಬೇರೆ ಅಲ್ವಾ?

ಅಲ್ಲ. ಒಬ್ಬರ ಕೈಯಿಂದ ತಗೊಂಡು, ಒರೆಸಿ, ಇನ್ನೊಬ್ಬರ ಕೈಗೆ ಕೊಟ್ಟರೆ ಅದು ಸೆಕೆಂಡ್ ಹ್ಯಾಂಡ್. ರಿಫರ್ಬಿಷ್ಡ್ ಅನ್ನಬೇಕಾದರೆ ಫೋನನ್ನು ಒಬ್ಬರು ಬಿಚ್ಚಿ ನೋಡಿರಬೇಕು. ಬ್ಯಾಟರಿ, ಚಾರ್ಜಿಂಗ್ ಪಿನ್, ಸ್ಪೀಕರ್, ಮೈಕ್, ಕ್ಯಾಮೆರಾ, ಟಚ್ ಎಲ್ಲ ಪರೀಕ್ಷೆ ಮಾಡಿರಬೇಕು. ಕೆಟ್ಟದ್ದನ್ನು ಬದಲಿಸಿರಬೇಕು, ಏನು ಬದಲಿಸಿದ್ದೇವೆ ಅಂತ ಗಿರಾಕಿಗೆ ಹೇಳಿರಬೇಕು. ಈ ಕೊನೆಯದನ್ನು ಕೊರೋನಾಕ್ಕಿಂತ ಮೊದಲು ನಾನೂ ಸರಿಯಾಗಿ ಮಾಡುತ್ತಿರಲಿಲ್ಲ. ಆಗ ಗಿರಾಕಿ ಅಂಗಡಿಯಲ್ಲೇ ನಿಂತು ನೋಡುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು, ಸರಿ ಕಂಡರೆ ತಗೊಂಡು ಹೋಗುತ್ತಿದ್ದರು. ನೋಡುವ ಜವಾಬ್ದಾರಿ ಅವರದೇ ಆಗಿತ್ತು.

ಲಾಕ್‌ಡೌನ್ ಬಂದಾಗ ನಿಮ್ಮಂಥ ಅಂಗಡಿಗಳಿಗೆ ಏನಾಯಿತು?

ದೇಶದ ಮೂರನೇ ಕೊರೋನಾ ಪ್ರಕರಣ ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ರಂದು. ಮಾರ್ಚ್‌ನಲ್ಲಿ ಸಂಖ್ಯೆ ಏರುತ್ತಾ ಹೋದಾಗ ಕಾಸರಗೋಡಿನ ಹೆಸರು ದಿನಾ ಸುದ್ದಿಯಲ್ಲಿ ಬರತೊಡಗಿತು. ಮಾರ್ಚ್ 25ಕ್ಕೆ ದೇಶವೇ ಮುಚ್ಚಿತು. ಅಷ್ಟರಲ್ಲಿ ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗಿತ್ತು. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರು ಅಂದರೆ ಬೇರೆ ರಾಜ್ಯದ ಊರು ಅಂತ ಅನಿಸುವುದೇ ಇಲ್ಲ. ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲದಕ್ಕೂ ಅಲ್ಲಿಗೇ ಹೋಗುವವರು ನಾವು. ಆ ದಿನಗಳಲ್ಲಿ ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ವಾಪಸು ಹೋಗುವುದನ್ನು ಕೇಳಿದ ಮೇಲೆ ನನ್ನ ಅಂಗಡಿಯ ಕಷ್ಟ ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋದ ಮೇಲೆ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟರು.

ನಮ್ಮ ಅಂಗಡಿಗಳ ಷಟರ್ ಏಪ್ರಿಲ್‌ನಲ್ಲಿ ಮೆಲ್ಲ ಮೆಲ್ಲ ಏಳತೊಡಗಿತು. ಮೊಬೈಲ್ ಅಂಗಡಿ ಅಗತ್ಯದ ಪಟ್ಟಿಗೆ ಬರುತ್ತದೆ ಅಂತ ಅಲ್ಲಿಯ ತನಕ ಯಾರೂ ಯೋಚಿಸಿರಲಿಲ್ಲ. ಗಲ್ಫ್‌ನಲ್ಲಿ ಸಿಕ್ಕಿಹಾಕಿಕೊಂಡ ಮಗನ ಜೊತೆ ಮಾತಾಡಲು ಇದ್ದ ಒಂದೇ ಫೋನ್ ಕೆಟ್ಟು ಕೂತ ಮನೆಗಳು ಎಷ್ಟಿದ್ದವು ಅಂತ ನಮಗೆ ಆಮೇಲೆ ಗೊತ್ತಾಯಿತು.

ಮುಚ್ಚಿದ ಅಂಗಡಿಯಲ್ಲಿ ಫೋನ್ ಸುಮ್ನೆ ಇಟ್ಟರೆ ಹಾಳಾಗುತ್ತದಾ?

ಹೌದು, ಖಂಡಿತ ಆಗುತ್ತದೆ. ನಾನು ಷಟರ್ ಎತ್ತಿದ ದಿನ ಗಾಜಿನ ಕಪಾಟಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಬಿಳಿ ಫೋನ್. ಅದರ ಬ್ಯಾಕ್ ಕವರ್ ಒಂದು ಬದಿಯಲ್ಲಿ ಎದ್ದು ನಿಂತಿತ್ತು. ಕೈಯಲ್ಲಿ ಹಿಡಿದರೆ ಒಳಗಿನ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿರುವುದು ಗೊತ್ತಾಗುತ್ತಿತ್ತು. ಡಿಸ್ಪ್ಲೇಯ ಅಂಟು ಬಿಟ್ಟು, ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು. ಅದರ ಪಕ್ಕದ ನಾಲ್ಕೈದು ಸೆಟ್‌ಗಳು ಚಾರ್ಜರ್ ಹಾಕಿದರೂ ಅಲುಗಾಡಲಿಲ್ಲ.

ಕಾರಣ ಇಷ್ಟೇ. ಲಿಥಿಯಂ ಬ್ಯಾಟರಿ ಸುಮ್ನೆ ಇದ್ದರೂ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತಾ ಇರುತ್ತದೆ. ಪೂರ್ತಿ ಇಳಿದು ಹಾಗೇ ವಾರಗಟ್ಟಲೆ ಬಿದ್ದರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಅದನ್ನು ಕಡಿದು ಹಾಕುತ್ತದೆ, ಆಮೇಲೆ ಚಾರ್ಜ್ ತಗೊಳ್ಳುವುದಿಲ್ಲ. ಪೂರ್ತಿ ತುಂಬಿಸಿ ಏಪ್ರಿಲ್, ಮೇ ಸೆಕೆಯಲ್ಲಿ ಇಟ್ಟರೂ ಹಾಳು, ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಹಳೆಯದಾದರೆ ಉಬ್ಬುವುದೂ ಇದೆ. ಈಗ ನಾನು ಮಾರಲು ಇಟ್ಟ ಎಲ್ಲ ಸೆಟ್‌ಗಳನ್ನು ಅರ್ಧ ಚಾರ್ಜಿನಲ್ಲಿ ಇಡುತ್ತೇನೆ, ತಿಂಗಳಿಗೊಮ್ಮೆ ನೋಡುತ್ತೇನೆ. ನಿಮ್ಮ ಮನೆಯ ಕಪಾಟಿನಲ್ಲಿ ಹಳೇ ಫೋನ್ ಇದ್ದರೆ ನೀವೂ ಹಾಗೇ ಮಾಡಿ.

ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಅದು ಹೊತ್ತಿಕೊಳ್ಳುತ್ತದೆ. ಅದಕ್ಕೇ ನನ್ನ ಮೇಜಿನ ಕೆಳಗೆ ಯಾವಾಗಲೂ ಒಂದು ಬಕೆಟ್ ಹೊಯ್ಗೆ, ಅಂದರೆ ಮರಳು, ಇರುತ್ತದೆ.

ಗಡಿ ಮುಚ್ಚಿದಾಗ ಸ್ಪೇರ್ ಪಾರ್ಟ್ಸ್ ಎಲ್ಲಿಂದ ತಂದಿರಿ?

ನಮಗೆ ಡಿಸ್ಪ್ಲೇ, ಬ್ಯಾಟರಿ, ಪಿನ್ ಬೋರ್ಡು ಎಲ್ಲ ಬರುತ್ತಿದ್ದದ್ದು ಮಂಗಳೂರಿನಿಂದ. ಬೆಳಿಗ್ಗೆ ಫೋನ್ ಮಾಡಿದರೆ ಮಧ್ಯಾಹ್ನದ ಬಸ್ಸಿನಲ್ಲಿ ಪ್ಯಾಕೆಟ್ ಬರುತ್ತಿತ್ತು. ಬಸ್ಸೇ ನಿಂತ ಮೇಲೆ ಆ ದಾರಿ ಹೋಯಿತು. ಅದಕ್ಕೂ ಮೊದಲೇ, ಚೀನಾದ ಕಾರ್ಖಾನೆಗಳು ಫೆಬ್ರವರಿಯಲ್ಲಿ ಬಾಗಿಲು ತೆರೆಯದೆ ಇದ್ದಾಗ, ಡಿಸ್ಪ್ಲೇ ಕಾಂಬೋಗಳ (ಡಿಸ್ಪ್ಲೇ, ಟಚ್ ಒಟ್ಟಿಗೆ ಇರುವ ಗಾಜು) ರೇಟು ಏರಿತ್ತು. ಜೂನ್ ಕೊನೆಗೆ ಗಡಿಯಲ್ಲಿ ಚೀನಾದ ಜೊತೆ ಜಗಳವಾಗಿ ಬಂದರುಗಳಲ್ಲಿ ಅಲ್ಲಿನ ಮಾಲು ತಡೆದು ನಿಲ್ಲಿಸಿದಾಗ ಇನ್ನೊಮ್ಮೆ ಏರಿತು.

ಆಗ ನಾವು ಮಾಡಿದ್ದು ಒಂದು ಫೋನ್ ಬಿಚ್ಚಿ ಇನ್ನೊಂದನ್ನು ಬದುಕಿಸುವುದು. ಬೋರ್ಡು ಸತ್ತ ಸೆಟ್‌ನ ಡಿಸ್ಪ್ಲೇ ತೆಗೆದು, ಡಿಸ್ಪ್ಲೇ ಒಡೆದ ಸೆಟ್‌ಗೆ ಹಾಕುವುದು. ಕುಂಬಳೆ, ಉಪ್ಪಳ, ಮುಳ್ಳೇರಿಯ, ಪೆರ್ಲದ ಅಂಗಡಿಯವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಯಾರ ಹತ್ತಿರ ಯಾವ ಸತ್ತ ಸೆಟ್ ಇದೆ ಅಂತ ಪಟ್ಟಿ ಹಾಕಿದೆವು. ಅದಕ್ಕಿಂತ ಮೊದಲು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುತ್ತಿದ್ದ ಜನ ನಾವು. ಆ ಗುಂಪು ಇವತ್ತೂ ನಡೆಯುತ್ತಿದೆ.

ಆನ್‌ಲೈನ್ ಕ್ಲಾಸ್ ಶುರುವಾದ ಮೇಲೆ ವ್ಯಾಪಾರ ಜೋರಾಯಿತಂತೆ, ಹೌದಾ?

ಹೌದು. ಆದರೆ ಜೋರು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

2020ರ ಜೂನ್ 1ಕ್ಕೆ ಕೇರಳದಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾಯಿತು, ವಿಕ್ಟರ್ಸ್ ಚಾನೆಲ್‌ನಲ್ಲಿ. ಟಿವಿಯಲ್ಲಿ ಹೆಚ್ಚು ಹೊತ್ತು ಬರುತ್ತಿದ್ದದ್ದು ಮಲಯಾಳ ಪಾಠ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಪಾಠವನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಬೇಕಿತ್ತು. ಹೋಮ್‌ವರ್ಕ್ ಬರುತ್ತಿದ್ದದ್ದು ಟೀಚರ್‌ನ ವಾಟ್ಸಾಪ್‌ನಲ್ಲಿ. ಹಾಗಾಗಿ ಮನೆಯಲ್ಲಿ ಟಿವಿ ಇದ್ದರೂ ಫೋನ್ ಇಲ್ಲದೆ ಆಗುತ್ತಿರಲಿಲ್ಲ. ಜೊತೆಗೆ ಎದುರಿಗೆ ಮಳೆಗಾಲದ ಆಟಿ ತಿಂಗಳು. ಕೆಲಸವಿಲ್ಲ, ಮಳೆ, ಕೈಯಲ್ಲಿ ದುಡ್ಡಿಲ್ಲ. ಹೊಸ ಫೋನಿಗೆ ಅದೇ ಏಪ್ರಿಲ್ 1ರಿಂದ ಜಿಎಸ್‌ಟಿ ಶೇಕಡಾ 12 ಇದ್ದದ್ದು 18 ಆಗಿತ್ತು.

ಒಬ್ಬ ಅಕ್ಕ ಬಂದದ್ದು ನನಗೆ ಈಗಲೂ ನೆನಪಿದೆ. ಬೀಡಿ ಕಟ್ಟುವವರು. ಬಾಗಿಲಿನ ಹೊರಗೆ ಹಗ್ಗ ಕಟ್ಟಿದ್ದೆ, ಅದರ ಆಚೆ ನಿಂತರು. ಜೊತೆಗೆ ಐದನೇ ಕ್ಲಾಸಿನ ಹುಡುಗ. "ಪಾಠ ಕಾಣ್ಬೇಕು, ಟೀಚರ್ ಹೇಳಿದ್ದು ಕೇಳ್ಬೇಕು, ಮತ್ತೆ ಬರೆದದ್ದರ ಫೋಟೋ ಹೋಗ್ಬೇಕು. ಅಷ್ಟು ಸಾಕು ಅಣ್ಣ" ಅಂದರು. ಸೆರಗಿನ ಗಂಟು ಬಿಚ್ಚಿ ಎಣಿಸಿದರು. ನಾನು ಅಷ್ಟು ವರ್ಷ ಫೋನ್ ಮಾರುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಗೇಮ್ ಆಡುತ್ತದಾ ಅಂತ ಹೇಳಿ ಮಾರಿದವನು. ಆವತ್ತು ಒಂದು ನೋಟ್‌ಬುಕ್ ಪುಟದ ಫೋಟೋ ತೆಗೆದು, ಪೆನ್ಸಿಲ್ ಅಕ್ಷರ ಓದಲು ಬರುತ್ತದಾ ಅಂತ ಮೂರು ಸೆಟ್‌ನಲ್ಲಿ ಪರೀಕ್ಷೆ ಮಾಡಿ ಒಂದನ್ನು ಕೊಟ್ಟೆ. ಆಮೇಲೆ ಅದೇ ನನ್ನ ರೂಢಿ ಆಯಿತು.

ಇನ್ನೊಂದು ವಿಷಯ ಆಗಲೇ ಕಲಿತದ್ದು. ದೇಲಂಪಾಡಿ, ಎಣ್ಮಕಜೆ ಕಡೆ ಮಕ್ಕಳು ನೆಟ್‌ವರ್ಕ್‌ಗೆ ಗುಡ್ಡೆ ಹತ್ತುತ್ತಿದ್ದರು. ಹಳೇ 3ಜಿ ಸೆಟ್ ಮನೆಯಲ್ಲಿ ಇದ್ದರೂ ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ, ಯಾಕೆಂದರೆ ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. 4ಜಿ ಇದ್ದರೂ ಸೆಟ್‌ನಲ್ಲಿ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಇದೆಯಾ ಅಂತ ನೋಡಬೇಕು. ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಗಿರಾಕಿಯ ಮನೆ ಎಲ್ಲಿ, ಅಲ್ಲಿ ಯಾವ ಸಿಮ್ ಹಿಡಿಯುತ್ತದೆ ಅಂತ ಕೇಳದೆ ಈಗ ನಾನು ಫೋನ್ ತೋರಿಸುವುದೇ ಇಲ್ಲ.

ಆಗ ರೇಟು ಜಾಸ್ತಿ ಮಾಡಿ ದುಡ್ಡು ಮಾಡಿದಿರಿ ಅಂತ ಜನ ಹೇಳ್ತಾರಲ್ಲ?

ಕೆಲವರು ಮಾಡಿದ್ದು ಹೌದು. ರೇಟು ಏರಿದ್ದರಲ್ಲಿ ಒಂದು ಪಾಲು ಮಾಲು ಸಿಗದೆ ಇದ್ದದ್ದರಿಂದ, ಒಂದು ಪಾಲು ಆಸೆಯಿಂದ. ನನಗೂ ಸಗಟಿನಲ್ಲಿ ಜಾಸ್ತಿ ಕೊಟ್ಟು ತರಬೇಕಾಯಿತು, ಅದನ್ನು ಗಿರಾಕಿಯ ಮೇಲೆ ಹಾಕಲೇಬೇಕಾಯಿತು. ಆದರೆ ಮಕ್ಕಳ ಕ್ಲಾಸಿಗೆ ಅಂತ ಬಂದವರಿಗೆ ಎರಡು ಮೂರು ಕಂತು ಬಿಟ್ಟುಕೊಟ್ಟೆ. ಒಂದಿಬ್ಬರನ್ನು ಬಿಟ್ಟು ಎಲ್ಲರೂ ತೀರಿಸಿದರು, ಅಡಿಕೆ ಮಾರಿದ ಮೇಲೆ ತಾವಾಗಿ ಬಂದು ಕೊಟ್ಟವರೂ ಇದ್ದಾರೆ.

ನೋಡದೆ, ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಫೋನ್ ತಗೊಳ್ಳಬಹುದಾ?

ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ. 2020ರ ಮಳೆಗಾಲದಲ್ಲಿ ದೂರದ ಒಬ್ಬ ಸಗಟು ವ್ಯಾಪಾರಿಯಿಂದ 20 ಸೆಟ್ ತರಿಸಿದೆ. ವಿಡಿಯೋದಲ್ಲಿ ಎಲ್ಲ ಆನ್ ಮಾಡಿ ತೋರಿಸಿದ್ದರು. ದುಡ್ಡು ಮೊದಲೇ ಯುಪಿಐಯಲ್ಲಿ ಹಾಕಿದ್ದೆ. ಪೆಟ್ಟಿಗೆ ಬಿಚ್ಚಿ ಒಂದೊಂದೇ ನೋಡಿದರೆ ಆರರಲ್ಲಿ ಮೈಕ್ ಇಲ್ಲ, ಎರಡರಲ್ಲಿ ಚಾರ್ಜ್ ನಿಲ್ಲುವುದಿಲ್ಲ. ಪಿನ್‌ನ ಒಳಗೆ ಹಸಿರು ಕಿಲುಬು, ನೀರು ಬಿದ್ದ ಸೆಟ್‌ಗಳು. ವಾಪಸು ಕೇಳಿದರೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಎರಡು ದಿನ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆ ಒಂದು ಕಡೆ. ಇನ್ನೊಂದು, ನನ್ನ ಗಿರಾಕಿಗಳೂ ಈಗ ನನ್ನ ವಿಡಿಯೋ ನೋಡಿಯೇ ಫೋನ್ ತಗೊಳ್ಳುತ್ತಿದ್ದಾರಲ್ಲ, ಅವರಿಗೆ ನನ್ನನ್ನು ನಂಬಲು ಏನಿದೆ ಅನ್ನುವ ಯೋಚನೆ. ಆವತ್ತಿನಿಂದ ಪ್ರತಿ ಸೆಟ್‌ಗೂ ಒಂದು ಚೀಟಿ ಬರೆಯುತ್ತೇನೆ. ಬ್ಯಾಟರಿ ಯಾವಾಗ ಹಾಕಿದ್ದು, ಡಿಸ್ಪ್ಲೇ ಒರಿಜಿನಲ್ಲಾ ಕಾಪಿಯಾ, ಮೊದಲು ನೀರು ಬಿದ್ದಿತ್ತಾ, ಎಲ್ಲಿ ಗೀರು ಇದೆ, ಎಲ್ಲ ಅದರಲ್ಲಿರುತ್ತದೆ. ಇದ್ದ ದೋಷ ಮೊದಲೇ ಹೇಳಿದರೆ ಮಾರಾಟ ಆಗುವುದಿಲ್ಲ ಅಂತ ನನ್ನ ಜೊತೆಯವರು ಹೇಳಿದ್ದರು. ಹಾಗೆ ಆಗಲಿಲ್ಲ.

ನೀವು ದೂರದಿಂದ ತಗೊಳ್ಳುವುದಾದರೆ ಫೋಟೋ ಸಾಲದು, ವಿಡಿಯೋ ಕಾಲ್ ಕೇಳಿ. ಆ ಫೋನಿನಿಂದಲೇ ನಿಮಗೆ ಕಾಲ್ ಮಾಡಿಸಿ, ಮೈಕ್, ಸ್ಪೀಕರ್ ಎರಡೂ ಗೊತ್ತಾಗುತ್ತದೆ. ಹತ್ತು ನಿಮಿಷ ಚಾರ್ಜಿಗೆ ಹಾಕಿಸಿ, ಎಷ್ಟು ಏರಿತು ನೋಡಿ. ಸ್ಕ್ರೀನಿನ ಮೇಲೆ ಒಂದು ಐಕಾನನ್ನು ಒತ್ತಿ ಹಿಡಿದು ಮೂಲೆ ಮೂಲೆಗೆ ಎಳೆಯಲು ಹೇಳಿ, ಟಚ್ ಸತ್ತ ಜಾಗ ಇದ್ದರೆ ಅಲ್ಲಿ ಕೈಬಿಡುತ್ತದೆ.

ಫೋನನ್ನು ಸ್ಯಾನಿಟೈಸರ್ ಹಾಕಿ ಒರೆಸಿದರೆ ಏನಾಗುತ್ತದೆ?

ಪಿನ್‌ಗೆ, ಸ್ಪೀಕರ್ ಜಾಲರಿಗೆ ಇಳಿದು ಹಾಳಾಗುತ್ತದೆ. 2020ರಲ್ಲಿ ಹಾಗೆ ಕೆಟ್ಟು ಬಂದ ಫೋನ್‌ಗಳೇ ಒಂದು ರಾಶಿ ಇದ್ದವು. ಪ್ಲಾಸ್ಟಿಕ್ ಮೇಲೆ ವೈರಸ್ 72 ಗಂಟೆಯ ತನಕ ಇರಬಹುದು ಅಂತ ಆಗ ಒಂದು ಅಧ್ಯಯನ ಹೇಳಿತ್ತು, ಹಾಗಾಗಿ ನಾವೂ ಬಂದ ಸೆಟ್‌ಗಳನ್ನು ಕವರಿನಲ್ಲಿ ಹಾಕಿ ಮೂರು ದಿನ ಬೇರೆ ಇಡುತ್ತಿದ್ದೆವು. ಮುಟ್ಟುವುದಕ್ಕಿಂತ ಗಾಳಿಯಿಂದ ಹರಡುವುದೇ ಜಾಸ್ತಿ ಅಂತ ಆಮೇಲೆ ಸ್ಪಷ್ಟವಾಯಿತು. ಒರೆಸಲೇಬೇಕು ಅಂತಿದ್ದರೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ ಒರೆಸಿ, ಫೋನಿನ ಮೇಲೆ ನೇರ ಸುರಿಯಬೇಡಿ. ಅತಿಯಾಗಿ ಉಜ್ಜಿದರೆ ಗಾಜಿನ ಮೇಲಿನ ಜಿಡ್ಡು ಹಿಡಿಯದ ಲೇಪ ಹೋಗುತ್ತದೆ.

ಗಲ್ಫ್ ಸೆಟ್ ತಗೊಳ್ಳಬಹುದಾ?

2020ರ ಮೇ 7ರಿಂದ, ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಕೆಲಸ ಬಿಟ್ಟು ಬಂದವರಲ್ಲಿ ಎಷ್ಟೋ ಜನ ಕೈಯಲ್ಲಿದ್ದ ಎರಡನೇ ಫೋನನ್ನು ಮಾರಲು ತಂದರು. ಒಳ್ಳೆಯ ಸೆಟ್‌ಗಳೇ. ಚೌಕ ಮೂರು ಪಿನ್ನಿನ ಚಾರ್ಜರ್ ನೋಡಿದರೆ ಅಲ್ಲಿಯದು ಅಂತ ಗೊತ್ತಾಗುತ್ತದೆ. ತಗೊಳ್ಳಿ, ಆದರೆ ಇಲ್ಲಿನ ಕಂಪನಿ ವಾರಂಟಿ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ನಿಮ್ಮ ಸಿಮ್ ಹಾಕಿ, ಕಾಲ್ ಮಾಡಿ ನೋಡಿಯೇ ದುಡ್ಡು ಕೊಡಿ.

ಹಳೇ ಲ್ಯಾಪ್‌ಟಾಪ್‌ಗೆ ಆಗ ಅಷ್ಟು ರೇಟು ಯಾಕೆ ಬಂತು? ಈಗ ಹೇಗಿದೆ?

ನಮಗೆ ಬರುವ ಒಳ್ಳೆಯ ಹಳೇ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟವು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದವು. ಮೂರು ನಾಲ್ಕು ವರ್ಷಕ್ಕೆ ಕಂಪನಿ ಹಳೆಯದನ್ನು ಬದಲಿಸುತ್ತದೆ, ಅದು ಲಾಟ್‌ನಲ್ಲಿ ಮಾರುಕಟ್ಟೆಗೆ ಬರುತ್ತದೆ. ವರ್ಕ್ ಫ್ರಮ್ ಹೋಮ್ ಶುರುವಾದಾಗ ಕಂಪನಿಗಳು ಹಳೆಯದನ್ನೂ ಕೈಬಿಡಲಿಲ್ಲ, ಮನೆಯಲ್ಲಿ ಕೂತ ನೌಕರರಿಗೆ ಅದೇ ಬೇಕಿತ್ತು. ಚಿಪ್ ಕೊರತೆಯಿಂದ ಹೊಸದೂ ಸಿಗುತ್ತಿರಲಿಲ್ಲ. ಬೇಕು ಅನ್ನುವವರು ಹೆಚ್ಚಿದರು, ಬರುವ ದಾರಿ ಕಟ್ಟಿತು.

ಆಗ ನಾವು ಮಾರಿದ್ದರಲ್ಲಿ ಎಷ್ಟೋ ಇಂಟೆಲ್ ಪ್ರೊಸೆಸರಿನ ನಾಲ್ಕನೇ, ಐದನೇ, ಆರನೇ ತಲೆಮಾರಿನವು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ 8 ಜಿಬಿ ಮಾಡಿ ಕೊಟ್ಟದ್ದು. ಅವು ಇವತ್ತೂ ಓಡುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು. ಹಾಗಾಗಿ ಅವೆಲ್ಲ ಈಗ ಒಂದೊಂದಾಗಿ ಅಂಗಡಿಗೆ ವಾಪಸು ಬರುತ್ತಿವೆ.

ಗುಜರಿಗೆ ಹಾಕಬೇಡಿ. ಕೇರಳದ ಶಾಲೆಗಳ ಕಂಪ್ಯೂಟರ್‌ನಲ್ಲಿ ಇರುವುದು ವಿಂಡೋಸ್ ಅಲ್ಲ, ಕೈಟ್ ಅನ್ನುವ ಸರ್ಕಾರಿ ಸಂಸ್ಥೆಯವರ ಗ್ನು ಲಿನಕ್ಸ್. ಅದನ್ನೇ ಈ ಲ್ಯಾಪ್‌ಟಾಪ್‌ಗಳಿಗೆ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳು ಶಾಲೆಯಲ್ಲಿ ನೋಡಿದ ಪರದೆಯೇ ಮನೆಯಲ್ಲೂ ಬರುತ್ತದೆ, ಕನ್ನಡ ಟೈಪ್ ಮಾಡಬಹುದು. ಹೊಸದಾಗಿ ಹಳೇ ಲ್ಯಾಪ್‌ಟಾಪ್ ತಗೊಳ್ಳುವವರು ಮಾತ್ರ, ವಿಂಡೋಸ್ ಬೇಕೇ ಬೇಕು ಅಂತಿದ್ದರೆ, ಎಂಟನೇ ತಲೆಮಾರಿಗಿಂತ ಹಳೆಯದಕ್ಕೆ ಕೈ ಹಾಕಬೇಡಿ.

ಕದ್ದ ಫೋನ್ ಅಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಡಯಲ್ ಪ್ಯಾಡಿನಲ್ಲಿ *#06# ಒತ್ತಿ. ಆ ಫೋನಿನ ಗುರುತಿನ ಸಂಖ್ಯೆ, 15 ಅಂಕೆಯ ಐಎಂಇಐ ನಂಬರ್ ಬರುತ್ತದೆ. ಅದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಬಹುದು. KYM ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೂ ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಅಂತ ಬಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸಂಚಾರ್ ಸಾಥಿ ಶುರುವಾದದ್ದು 2023ರ ಮೇ ತಿಂಗಳಲ್ಲಿ. ಲಾಕ್‌ಡೌನ್ ಸಮಯದಲ್ಲಿ ಇದು ಇದ್ದಿದ್ದರೆ ನಮಗೆ ಎಷ್ಟೋ ತಲೆನೋವು ತಪ್ಪುತ್ತಿತ್ತು. ನಾನು ಮಾರುವವರ ಗುರುತಿನ ಚೀಟಿಯ ಪ್ರತಿ, ಸಹಿ ಇಲ್ಲದೆ ಫೋನ್ ತಗೊಳ್ಳುವುದಿಲ್ಲ. ಪರಿಚಯದವರಾದರೂ ಅಷ್ಟೇ.

ಜಿಎಸ್‌ಟಿ ಹೇಗೆ ಲೆಕ್ಕ ಹಾಕುತ್ತೀರಿ?

ಹಳೇ ಸಾಮಾನಿಗೆ ಮಾರ್ಜಿನ್ ಸ್ಕೀಮ್ ಅಂತ ಇದೆ. ಒಬ್ಬರಿಂದ 5,000ಕ್ಕೆ ತಗೊಂಡು 6,500ಕ್ಕೆ ಮಾರಿದರೆ ನಡುವಿನ 1,500ಕ್ಕೆ ಮಾತ್ರ ತೆರಿಗೆ. ತಗೊಂಡ ಆ ಸಾಮಾನಿನ ಮೇಲೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ, ತಗೊಂಡಿರಬಾರದು. ಹೊಸದಾಗಿ ಶುರು ಮಾಡುವವರು ಇದನ್ನು ನಿಮ್ಮ ಲೆಕ್ಕ ಬರೆಯುವವರ ಹತ್ತಿರ ಮೊದಲ ದಿನವೇ ಕೂತು ಮಾತಾಡಿ.

ಈ ಕೆಲಸ ಈಗ ಶುರು ಮಾಡಬಹುದಾ?

ಮಾಡಬಹುದು. ಆದರೆ ಮೊದಲು ಯಾರಾದರೂ ರಿಪೇರಿಯವರ ಜೊತೆ ಒಂದು ಮಳೆಗಾಲ ಕೂತು ಕೆಲಸ ಕಲಿಯಿರಿ. ನಮ್ಮ ಊರಿನ ತೇವಕ್ಕೆ ಫೋನ್ ಒಳಗೆ ಏನಾಗುತ್ತದೆ ಅಂತ ಯಾವ ವಿಡಿಯೋ ನೋಡಿದರೂ ತಿಳಿಯುವುದಿಲ್ಲ. ಕನ್ನಡ, ತುಳು, ಮಲಯಾಳ ಮೂರೂ ಮಾತಾಡಲು ಬಂದರೆ ಇಲ್ಲಿ ಅರ್ಧ ಕೆಲಸ ಆದ ಹಾಗೆ. ಬ್ಯಾರಿ ಬಂದರೆ ಇನ್ನೂ ಒಳ್ಳೆಯದು.

ಹಳೇ ಫೋನ್ ನಿಮಗೆ ಕೊಡುವ ಮೊದಲು ನಾವು ಏನು ಮಾಡಬೇಕು?

ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ರಿಸೆಟ್ ಮಾಡಿ. ಅಕೌಂಟ್ ತೆಗೆಯದೆ ಬಟನ್ ಒತ್ತಿ ರಿಸೆಟ್ ಮಾಡಿದರೆ ಫೋನ್ ಮತ್ತೆ ಅದೇ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಆನ್‌ಲೈನ್ ಕ್ಲಾಸಿಗೆ ಅಂತ ಗಡಿಬಿಡಿಯಲ್ಲಿ ಮಾಡಿದ ಅಕೌಂಟುಗಳ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಮತ್ತೆ, ಫೋಟೋ ಬೇಕಾ ಅಂತ ಮನೆಯಲ್ಲಿ ಎಲ್ಲರನ್ನೂ ಕೇಳಿ.

2021ರ ನವೆಂಬರ್ 1ಕ್ಕೆ ಶಾಲೆ ತೆರೆದ ಮೇಲೆ ಆ ಕ್ಲಾಸಿನ ಫೋನ್‌ಗಳು ನಮ್ಮ ಅಂಗಡಿಗೆ ವಾಪಸು ಬರತೊಡಗಿದವು. ಬೀಡಿ ಕಟ್ಟುವ ಆ ಅಕ್ಕನ ಸೆಟ್ ಕೂಡ ಕಳೆದ ವರ್ಷ ಬಂತು. ಬ್ಯಾಟರಿ ಸೋತಿತ್ತು, ಮೂಲೆಯಲ್ಲಿ ಬಿರುಕು. ಗ್ಯಾಲರಿ ತೆರೆದರೆ ನೋಟ್‌ಬುಕ್ ಪುಟಗಳೇ ಪುಟಗಳು, ಒಂದರ ಅಂಚಿನಲ್ಲಿ ಪುಟ ಹಿಡಿದ ಅವರ ಹೆಬ್ಬೆರಳು, ಉಗುರಿನ ಹತ್ತಿರ ಹೊಗೆಸೊಪ್ಪಿನ ಬಣ್ಣ. "ಅಳಿಸಿಬಿಡಿ ಅಣ್ಣ, ಈಗ ಯಾರಿಗೆ ಬೇಕು" ಅಂದರು. ಹುಡುಗ ಹೈಸ್ಕೂಲಿಗೆ ಬಂದಿದ್ದ, ಅಮ್ಮನ ಹಿಂದೆಯೇ ನಿಂತಿದ್ದ. ಏನೂ ಹೇಳಲಿಲ್ಲ, ಸುಮ್ನೆ ಸ್ಕ್ರೀನ್ ನೋಡುತ್ತಾ ನಿಂತ. ನಾನು ಎಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ ಅವನ ಕೈಗೆ ಕೊಟ್ಟು, ಆಮೇಲೆ ರಿಸೆಟ್ ಒತ್ತಿದೆ.